ಹಾಲುಹಲ್ಲು ಮೀಮಾಂಸೆ

ಹ್ಯಾಂಡ್‌ಪೋಸ್ಟ್ ಊರಾಗುವ ಮೊದಲು ಕಂಬವಾಗಿತ್ತು, ಕನ್ನಡದಲ್ಲಿ ಕೈಮರ. ಮೈಸೂರಿನಿಂದ ಬಂದ ರಸ್ತೆ ಇಲ್ಲಿ ಕವಲಾಗಿ ಒಂದು ಎಚ್.ಡಿ. ಕೋಟೆಗೂ ಇನ್ನೊಂದು ಸರಗೂರಿಗೂ ಹೋಗುತ್ತದೆ. ದಾರಿ ತೋರಿಸುವುದೇ ಊರಿನ ಮೂಲಕಸುಬಾದ್ದರಿಂದ ಇಲ್ಲಿ ಏನು ಕೇಳಿದರೂ ಗೊತ್ತಿಲ್ಲ ಎನ್ನುವವರಿಲ್ಲ. ಐದೂವರೆ ವರ್ಷದ ಮಗ, ನಮ್ಮ ಪುಟ್ಟ, ಹಲ್ಲುನೋವೆಂದು ರಾತ್ರಿಯೆಲ್ಲ ಬೀದಿ ಎಬ್ಬಿಸಿದ ಮಾರನೇ ಬೆಳಿಗ್ಗೆ, ಅವನನ್ನು ಹೆಗಲಿಗೆ ಹಾಕಿಕೊಂಡು ಹಲ್ಲು ಡಾಕ್ಟರ ಹತ್ತಿರ ಹೋಗಲು ಬಸ್ಸಿಗೆ ಕಾಯುತ್ತಿದ್ದಾಗ ನನಗೆ ಲವಂಗ, ಉಪ್ಪುನೀರು, ಬೆಳ್ಳುಳ್ಳಿ, ತಾಯಿತ ಮತ್ತು ಒಂದು ಚಿಟಿಕೆ ಹೊಗೆಸೊಪ್ಪು ಸಲಹೆಯಾಗಿ ಬಂದವು. ಹೊಗೆಸೊಪ್ಪು ಹೇಳಿದವರು ಪಿರಿಯಾಪಟ್ಟಣದ ಕಡೆಯವರು. ಅವರವರ ಬೆಳೆ ಅವರವರಿಗೆ ಔಷಧಿ. ಈ ಜ್ಞಾನರಾಶಿ ಬಸ್ ನಿಲ್ದಾಣದಲ್ಲೇ ಚದುರಿಹೋಗಬಾರದೆಂಬ ಕಳಕಳಿಯಿಂದ ಪ್ರಸ್ತುತ ಪ್ರಬಂಧ.

ಅಥ ಪೂರ್ವಪಕ್ಷ. ಹಾಲುಹಲ್ಲು ಬೀಳುವ ಹಲ್ಲು. ಬೀಳುವುದಕ್ಕೆ ಆರೈಕೆ ಸಲ್ಲ. ಇದನ್ನು ಬೀಳುವಹಲ್ಲುವಾದ ಎನ್ನಬಹುದು. ಪ್ರವರ್ತಕರು ನಮ್ಮವ್ವ. ಮೂಲಪಾಠ ಹೀಗಿದೆ: “ಬಿದ್ದೋಗೋ ಹಲ್ಗೆ ಯಾಕ್ಲಾ ಕಾಸು ಸುರೀತೀಯೆ?” ಹೇತು ಸರಿಯಾಗಿದೆ, ದೃಷ್ಟಾಂತ ಅವ್ವನ ಬಾಯಲ್ಲೇ ಇದೆ, ಅಲ್ಲಿ ಹಾಲಿನದೂ ಇಲ್ಲ, ಬೇರೆಯದೂ ಇಲ್ಲ.

ವಾದದಲ್ಲಿ ಒಂದೇ ಕೊರತೆ: ಯಾವಾಗ ಬೀಳುತ್ತದೆ ಎಂದು ಯಾರೂ ಕೇಳಲಿಲ್ಲ. 6 ತಿಂಗಳ ಆಸುಪಾಸಿನಲ್ಲಿ ಮೊದಲ ಹಲ್ಲು ಮೂಡಿ, 3 ವರ್ಷ ತುಂಬುವಷ್ಟರಲ್ಲಿ 20 ಹಲ್ಲೂ ಕೆಲಸಕ್ಕೆ ಹಾಜರಾಗುತ್ತವೆ. ಮುಂದಿನವು 6–7ಕ್ಕೆ ಬೀಳುವುದು ನಿಜ. ಹಿಂದಿನ ದವಡೆಹಲ್ಲು ಮಾತ್ರ 10ರಿಂದ 12 ವರ್ಷದವರೆಗೂ ರಾಗಿಮುದ್ದೆಯಿಂದ ಹಿಡಿದು ಪೆನ್ಸಿಲ್ಲಿನ ತುದಿಯವರೆಗೆ ಎಲ್ಲವನ್ನೂ ಅರೆಯುತ್ತಿರಬೇಕು. ಸರ್ಕಾರಿ ಪರಿಭಾಷೆಯಲ್ಲಿ ಇವು ಗುತ್ತಿಗೆ ನೌಕರರು: ಕೆಲಸ ಪೂರ್ತಿ, ಸವಲತ್ತು ಇಲ್ಲ, ‘ನೀನು ಹೇಗೂ ಹೋಗುವವನೇ ತಾನೆ’ ಎಂಬ ಮಾತು ಪ್ರತಿದಿನ. ಕಾಯಂ ಹಲ್ಲು ಬರುವ ತನಕ ಅದರ ಜಾಗ ಕಾಯುವುದೂ ಇವುಗಳದೇ ಪಾಳಿ. ಅವಧಿಗೆ ಮುಂಚೆ ಕೀಳಿಸಿದರೆ ಅಕ್ಕಪಕ್ಕದವು ಬದು ಒತ್ತಿಕೊಂಡು ಬರುತ್ತವೆ. ಆಮೇಲೆ ಬಂದ ಹಕ್ಕುದಾರ ಸೊಟ್ಟಗೆ ನಿಲ್ಲಬೇಕು. ಬದು ಒತ್ತುವುದೆಂದರೇನೆಂದು ಕೋಟೆ ಸೀಮೆಯವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಹಲ್ಲಿನ ಕಥೆ ಇದಕ್ಕಿಂತ ದಾರುಣ. 6ನೇ ವರ್ಷದ ಸುಮಾರಿಗೆ, ಎಲ್ಲ ಹಾಲುಹಲ್ಲುಗಳ ಹಿಂದೆ, ಯಾವುದನ್ನೂ ಬೀಳಿಸದೆ ಒಂದು ದೊಡ್ಡ ದವಡೆಹಲ್ಲು ಸದ್ದಿಲ್ಲದೆ ಬಂದು ಕೂರುತ್ತದೆ. ಅದು ಕಾಯಂ. ಸಾಯುವ ತನಕದ್ದು. ಏನೂ ಬೀಳದೆ ಬಂದದ್ದರಿಂದ ಮನೆಯವರು ಅದನ್ನೂ ಹಾಲಿನ ಲೆಕ್ಕಕ್ಕೆ ಬರೆದುಕೊಂಡು, ಹುಳುಕು ಹಿಡಿದಾಗ “ಬಿಡು, ಬೇರೆ ಬರ್ತದೆ” ಎನ್ನುತ್ತಾರೆ. ಬರುವುದಿಲ್ಲ.

ಹುಳುಕು ಎಂದೆನಲ್ಲ, ಇದು ಶಬ್ದಪ್ರಮಾಣದ ವಿಷಯ. ಹುಳ ತಿಂದದ್ದು ಹುಳುಕು. ಆದ್ದರಿಂದ ಹಲ್ಲಿನಲ್ಲಿ ಹುಳವಿದೆ. ನೆಲಗುಳ್ಳದ ಬೀಜದ ಹೊಗೆ ಹಿಡಿಸಿ ಹುಳು ಉದುರಿಸುವ ವಿದ್ಯೆಯೂ ಉಂಟು. ಪ್ಯಾರಿಸ್ಸಿನ ಪಿಯೆರ್ ಫೊಶಾರ್ ಎಂಬ ದಂತವೈದ್ಯ 1728ರಲ್ಲಿ ಪ್ರಕಟಿಸಿದ ಗ್ರಂಥದಲ್ಲೇ ಈ ಹುಳದ ಮಾತನ್ನು ಒಪ್ಪಲಿಲ್ಲ. ಆ ಸುದ್ದಿ ಹ್ಯಾಂಡ್‌ಪೋಸ್ಟಿಗೆ ಇನ್ನೂ ತಲುಪಿಲ್ಲ, ಬಸ್ಸು ತಡವಿರಬೇಕು. ಹಲ್ಲಿಗಂಟಿದ ಸಕ್ಕರೆಯನ್ನು ಕಣ್ಣಿಗೆ ಕಾಣದ ಜೀವಿಗಳು ತಿಂದು ಹುಳಿ ಬಿಡುತ್ತವೆ, ಆ ಹುಳಿ ಹಲ್ಲನ್ನು ಕರಗಿಸುತ್ತದೆ. ಒಂದು ಸಲ ತಿಂದರೆ ಜೊಲ್ಲು ಅರ್ಧ ಗಂಟೆಯಲ್ಲೋ ಒಂದು ಗಂಟೆಯಲ್ಲೋ ರಿಪೇರಿ ಮಾಡಿಕೊಳ್ಳುತ್ತದೆ. ಹಾಗಾಗಿ ಹಬ್ಬದ ದಿನ ಎರಡು ಒಬ್ಬಟ್ಟು ಒಟ್ಟಿಗೆ ತಿಂದವನಿಗಿಂತ, ಒಂದೇ ಪೆಪ್ಪರಮಿಂಟನ್ನು ಕಾಗದದಲ್ಲಿ ಸುತ್ತಿ ಸುತ್ತಿಟ್ಟು ಸಂಜೆಯವರೆಗೆ ಚೀಪುವವನ ಹಲ್ಲಿಗೇ ಅಪಾಯ ಹೆಚ್ಚು. ನನ್ನ ಮಗ ಜಿಪುಣ. ಹಲ್ಲು ಹೋದದ್ದು ಮಿತವ್ಯಯದಿಂದ.

ಇನ್ನು ಪ್ರಮಾಣ. ಶಾಸ್ತ್ರದಲ್ಲಿ ಹಾಗೆಂದರೆ ಪ್ರತ್ಯಕ್ಷ, ಅನುಮಾನ ಇತ್ಯಾದಿ. ಬಚ್ಚಲಮನೆಯಲ್ಲಿ ಪೇಸ್ಟ್ ಎಷ್ಟು ಎಂಬುದು. ಬಿ.ವಿ. ಪಂಡಿತರು 1913ರಲ್ಲಿ ನಂಜನಗೂಡಿನಲ್ಲಿ ಸದ್ವೈದ್ಯಶಾಲೆ ತೆರೆದ ಮೇಲೆ ಈ ಸೀಮೆಯ ಎಷ್ಟೋ ತೋರುಬೆರಳುಗಳು ಬೆಳಿಗ್ಗೆ ಹೊತ್ತು ಹಲ್ಲುಪುಡಿಯಿಂದ ಗುಲಾಬಿ ಬಣ್ಣಕ್ಕೆ ತಿರುಗುತ್ತಿದ್ದವು. ಆಗ ಅಳತೆ ಬೆರಳಿನದ್ದೇ. ಈಗ ಟಿವಿಯಲ್ಲಿ ಬ್ರಷ್ಷಿನ ಉದ್ದಕ್ಕೂ ಹಾವಿನಂತೆ ಹಿಂಡಿ ಬಾಲ ಎತ್ತಿ ತೋರಿಸುತ್ತಾರೆ. ಡಾಕ್ಟರು ಹೇಳಿದ್ದು: ಫ್ಲೋರೈಡ್ ಇರುವ ಪೇಸ್ಟು, 3 ವರ್ಷದೊಳಗಿದ್ದರೆ ಅಕ್ಕಿಕಾಳಿನಷ್ಟು, ಆಮೇಲೆ 6ರವರೆಗೆ ಬಟಾಣಿಯಷ್ಟು. ಅಕ್ಕಿ ರಾಜಮುಡಿಯೋ ಸೋನಾಮಸೂರಿಯೋ ಎಂದು ಕೆ.ಆರ್. ನಗರದ ನನ್ನ ಷಡ್ಡಕ ಎತ್ತಿದ ಪ್ರಶ್ನೆ ವಿದ್ವಾಂಸರ ಮುಂದೆ ಬಾಕಿ ಇದೆ. ಉಜ್ಜಿದ ಮೇಲೆ ಉಗಿಯಬೇಕು, ಬಕೆಟ್‌ಗಟ್ಟಲೆ ನೀರು ಮುಕ್ಕಳಿಸಬಾರದು. ರಾತ್ರಿ ಉಜ್ಜಿದ ಮೇಲೆ ಹಾಲು ಕುಡಿಸಬಾರದು. 7–8 ವರ್ಷದವರೆಗೆ ದೊಡ್ಡವರೇ ಉಜ್ಜಬೇಕು ಎಂದದ್ದು ಕೇಳಿ ನನ್ನ ಪಾಂಡಿತ್ಯ ಅಲ್ಲಾಡಿತು. ಅವನ ಕೈಗೆ ಬ್ರಷ್ ಕೊಟ್ಟು ನಾನು ಪೇಪರ್ ಓದುತ್ತಿದ್ದವನು.

ಹಲ್ಲು ಡಾಕ್ಟರ ಕುರ್ಚಿ ಕಂಡದ್ದೇ ಪುಟ್ಟ ಬಾಯಿಗೆ ಬೀಗ ಹಾಕಿದ. ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. “ಉಣ್ಣದಿದ್ರೆ ಡಾಕ್ಟ್ರ ಹತ್ರ ಸೂಜಿ ಚುಚ್ಚಿಸ್ತೀನಿ” ಎಂದು ಮೂರು ವರ್ಷದಿಂದ ಮನೆಯಲ್ಲಿ ಪ್ರಚಾರ ಮಾಡಿದವರು ನಾವೇ. ಮೊದಲ ಸಲ ತೆಗೆದ ಬಾಯಿ ಡಾಕ್ಟರ ಬೆರಳಿನ ಮೇಲೆ ಮುಚ್ಚಿಕೊಂಡಿತು. ಹಾಲುಹಲ್ಲಿನ ಬಲದ ಬಗ್ಗೆ ಅವರಿಗೆ ಪ್ರತ್ಯಕ್ಷ ಪ್ರಮಾಣ ದೊರೆಯಿತು. ಕೈ ಒದರಿಕೊಂಡು, ನಕ್ಕು, ಅವರು ಜೊತೆಗೆ ಬಂದಿದ್ದ ಅವ್ವನನ್ನು ಒಂದು ಸ್ಟೂಲಿನ ಮೇಲೆ ಕೂರಿಸಿ, ತಾವು ಎದುರಿಗೆ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತು, ಪುಟ್ಟನನ್ನು ಅಡ್ಡ ಮಲಗಿಸಿಕೊಂಡರು. ತಲೆ ಅವರ ತೊಡೆಯಲ್ಲಿ, ಕಾಲು ಅವ್ವನ ಸೊಂಟದ ಎರಡೂ ಕಡೆ. ಬಾಯಿ ತಾನಾಗಿ ತೆರೆಯಿತು.

ಅವ್ವ ಡಾಕ್ಟರನ್ನು ದಿಟ್ಟಿಸಿ ನೋಡಿದಳು. “ಇದು ಕೂಸಿಗೆ ನೀರು ಹುಯ್ಯೋ ಥರ ಅಲ್ವ್ರಾ? ಇವ್ನಿಗೆ ವರ್ಷಗಟ್ಲೆ ಕಾಲ್ಮೇಲ್ ಹಾಕ್ಕಂಡು ಎರ್ದಿದೀನಿ.” ಸಿದ್ಧಾಂತ ಸ್ಥಾಪನೆಯಾದದ್ದು ಆ ಗಳಿಗೆಯಲ್ಲಿ. ಎರಡು ಸಲ ಹೋಗಿ, ಒಳಗೆಲ್ಲ ತೊಳೆಸಿ, ಔಷಧಿ ಇಡಿಸಿ, ಸಿಮೆಂಟು ಹಾಕಿಸಿದೆವು. ಅಂದಿನಿಂದ ರಾತ್ರಿ ಜಗಲಿಯ ಮೇಲೆ ಅವನ ತಲೆ ತೊಡೆಗಿಟ್ಟುಕೊಂಡು, ನನ್ನ ಮೊಬೈಲಿನ ಬೆಳಕಿನಲ್ಲಿ ಉಜ್ಜುವವಳು ಬೀಳುವಹಲ್ಲುವಾದದ ಪ್ರವರ್ತಕಿಯೇ.

ಹೋದ ತಿಂಗಳು ಅವನ ಕೆಳಗಿನ ಮುಂದಿನ ಹಲ್ಲು ಬಿತ್ತು. ಅವ್ವ ಅದನ್ನು ಸಗಣಿ ಉಂಡೆಯಲ್ಲಿಟ್ಟು ಪುಟ್ಟನ ಕೈಯಿಂದಲೇ ಚಾವಣಿಗೆ ಎಸೆಸಿದಳು. ಹೆಂಚಿನ ಕಾಲದ ಪದ್ಧತಿ, ಈಗಿರುವುದು ಶೀಟು. ಉಂಡೆ ಡಣ್ಣೆಂದು ಬಡಿದು ಜಾರಿ ನನ್ನ ಬೈಕಿನ ಸೀಟಿನ ಮೇಲೆ ಬಂತು.

“ಸಿಮೆಂಟ್ ಹಾಕ್ಸಿದ್ದು ಯಾವಾಗ್ಲಾ ಬೀಳ್ತದೆ?”

“ಇನ್ನೈದು ವರ್ಷ ಆಗ್ಬೋದು ಕಣವ್ವ.”

“ಅಷ್ಟೊತ್ಗೆ ನಾನಿರ್ತೀನೋ ಇಲ್ವೋ. ಅದ್ನ ಮಾತ್ರ ಎಸೀಬ್ಯಾಡಿ ಕಣ್ಲಾ, ಕಾಸು ಕೊಟ್ಟಿರೋದು” ಎಂದು ಅವ್ವ ಬೈಕಿನ ಸೀಟು ಒರೆಸಿದಳು.