ಯುವಿ ಕಾಕಾ

ಮೊದಲು ಹಕ್ಕಿ, ಆಮೇಲೆ ಕೃಷ್ಣಮೃಗ, ಆಮೇಲೆ ಅಷ್ಟೂರಿನ ಗುಮ್ಮಟಗಳ ಹಿಂದೆ ಮುಳುಗುವ ಸೂರ್ಯ. ಬೀದರಿನ ಹವ್ಯಾಸಿ ಫೋಟೊಗ್ರಾಫರನಿಗೆ ಈ ಮೂರು ಘಟ್ಟ ತಪ್ಪಿದ್ದಲ್ಲ. ಊರಿನ ಮೊಬೈಲುಗಳೆಲ್ಲ ಅದೇ ಸೂರ್ಯನನ್ನು ಹಿಡಿಯತೊಡಗಿದ ಮೇಲೆ ನಮ್ಮ ಕಾಕಾ ನಾಲ್ಕನೆಯದನ್ನು ಹತ್ತಿದರು: ಯಾರ ಕಣ್ಣಿಗೂ ಕಾಣದ್ದನ್ನೇ ತೆಗೆಯುವುದು. ಅತಿನೇರಳೆ ಬೆಳಕಿನಲ್ಲಿ ಹೂವು!

ಈಗ ಅವರೆದುರು ಯಾರೂ ಹೂವು ಚಂದ ಅನ್ನುವ ಹಾಗಿಲ್ಲ. "ನಿಮಗ ಕಾಣೋದು ಅರ್ಧಾ ರೀ. ಉಳಿದರ್ಧ ಜೇನುಹುಳಕ್ಕ ಗೊತ್ತು" ಅನ್ನುತ್ತಾರೆ. ಮಾತು ಸುಳ್ಳಲ್ಲ. ಜೇನಿಗೆ ಕೆಂಪು ಕಾಣದು, ಅತಿನೇರಳೆ ಕಾಣುತ್ತದೆ. ನಮಗೆ ಇಡಿಯಾಗಿ ಹಳದಿ ಎನಿಸುವ ಸೂರ್ಯಕಾಂತಿ ಎಸಳಿನ ಬುಡ ಆ ಬೆಳಕನ್ನು ನುಂಗುತ್ತದೆ, ತುದಿ ಹಿಂದಕ್ಕೆ ಚೆಲ್ಲುತ್ತದೆ. ಇದನ್ನು ಹಿಡಿಯಲೆಂದೇ ಕಾಕಾ, ಮಗಳ ಮದುವೆಗೆ ಕೊಂಡ ಕ್ಯಾಮೆರಾ ಬಿಚ್ಚಿ ಸೆನ್ಸರ್ ಮೇಲಿನ ಫಿಲ್ಟರ್ ಕಿತ್ತರು. ಲೆನ್ಸಿಗೊಂದು ಕರಿ ಗಾಜು ಹಚ್ಚಿದರು. ವ್ಯೂಫೈಂಡರಿನಲ್ಲಿ ಏನೂ ಕಾಣುವುದಿಲ್ಲ. ಅದೇ ಅವರಿಗೆ ಹೆಮ್ಮೆ. ಕೊನೆಗೂ ಬಂದ ಚಿತ್ರ ನೋಡಿ ಕಾಕಿ, "ಇದೇನ್ರೀ, ಬಿದರಿ ತಾಟು? ಚೌಬಾರಾ ಕಡಿ ಹೋಗಿದ್ರ ಖರೇದೇ ಸಿಗತಿತ್ತಲ್ಲ" ಅಂದರು.

ಇನ್ನೊಂದು ದಾರಿ ಅಗ್ಗದ್ದು. ಗವ್ವೆನ್ನುವ ಕತ್ತಲಲ್ಲಿ 365 ನ್ಯಾನೊಮೀಟರಿನ ಟಾರ್ಚ್ ಬಿಟ್ಟರೆ ಎಷ್ಟೋ ಹೂಗಳ ಪರಾಗ ತಾನಾಗಿ ಹೊಳೆಯುತ್ತದೆ. ಔರಾದ್ ಕಡೆ ದತ್ತೂರಿಗೆ ಟಾರ್ಚ್ ಬಿಟ್ಟಾಗ ಹೂವಿಗಿಂತ ಜೋರಾಗಿ ಹೊಳೆದದ್ದು ಕಾಲ ಬುಡದಲ್ಲಿದ್ದ ಚೇಳು. ಈ ಬೆಳಕಿಗೆ ಚೇಳಿನ ಮೈ ಹಸಿರು-ನೀಲಿಯಾಗುತ್ತದೆಂದು ಓದಿಕೊಂಡಿದ್ದವರು. ಫೋಟೊ ತೆಗೆದೇ ಓಡಿದರು.

ಭಾಲ್ಕಿ ಹತ್ತಿರದ ಕುಸುಬಿ ಹೊಲದಲ್ಲಿ ಮಾತ್ರ ಓಡಲಾಗಲಿಲ್ಲ. ಪ್ಯಾಂಟಿನ ತುಂಬ ಕುಸುಬಿ ಮುಳ್ಳು. ಬದುವಿನ ಮೇಲೆ ನಾಲ್ಕು ಧೋತರ ಭಗ್ಗನೆ ನೀಲಿಯಾಗಿ ಹೊಳೆದವು; ಸೋಪಿನ ಪುಡಿಯ ಮಹಿಮೆ.

"ಯಾರಪಾ ಅದು? ನಿಧಿ ತೆಗೀಲಿಕ್ಕ ಬಂದೀರೇನು?"

"ಇಲ್ಲ ಯಜಮಾನ್ರ, ಹೂವಿನ ಫೋಟೊ."

"ಹಗಲ ಬಂದ್ರ ಹೂವು ಕಾಣ್ತಿದ್ದಿಲ್ಲೇನು?"

ಬಡಿಗೆ ಕೆಳಗಿಳಿಯಲೆಂದು ಕಾಕಾ ಜೇನಿನಿಂದ ಶುರುಮಾಡಿದರು. ಬಡಿಗೆ ಇಳಿಯಲಿಲ್ಲ. ಫ್ಲೋರೊಸೆನ್ಸ್ ಅಂದರು. ಇನ್ನೂ ಮೇಲೇರಿತು. ಕಡೆಗೆ ಜೇಬಿನಿಂದ ಐನೂರರ ನೋಟು ತೆಗೆದು ಟಾರ್ಚ್ ಬಿಟ್ಟರು. ನಂಬರಿನ ಶಾಯಿ ಝಗ್ಗೆಂದಿತು, ಕಾಗದದೊಳಗಿನ ಸಣ್ಣ ಎಳೆಗಳು ಅಲ್ಲಲ್ಲಿ ಮಿಂಚಿದವು.

ಯಜಮಾನರು ಬಡಿಗೆಯನ್ನು ಕಂಕುಳಿಗೆ ಸಿಕ್ಕಿಸಿ ತಮ್ಮ ಅಂಗಿಯ ಒಳಜೇಬಿಗೆ ಕೈ ಹಾಕಿದರು. ಉಳಿದ ಮೂವರೂ ಸೊಂಟದ ಚೀಲ ಬಿಚ್ಚಿದರು. ಅಡತಿಯಲ್ಲಿ ತೊಗರಿ ಮಾರಿ ತಂದ ರೊಕ್ಕ! ಒಂದೊಂದೇ ನೋಟು ಟಾರ್ಚಿನ ಕೆಳಗೆ ಬಂತು. ಕುಸುಬಿ ಹೂವಿಗೆ ಬರುವ ಹೊತ್ತಿಗೆ ಬ್ಯಾಟರಿ ಮುಗಿದಿತ್ತು.

ಕಾಕಾ ಮುಖ ಸಣ್ಣದು ಮಾಡಿಕೊಂಡದ್ದು ನೋಡಿ ಯಜಮಾನರೇ ಸಮಾಧಾನ ಹೇಳಿದರು: "ಹೂವಿನಾಗ ಏನ್ ಸಿಗ್ತದ ಬಿಡ್ರಿ. ಸಂತಿ ದಿನ ಬರ್ರಿ, ನೋಟಿಗಿ ಎರಡ್ ರೂಪಾಯಿ ಕೊಡಸ್ತೀನಿ."