ಗ್ರೀನ್ ಕಾರ್ಡ್ ಪಡೆಯುವ ಕ್ರಮ: ಮೈಸೂರು ಆವೃತ್ತಿ

ಸರಸ್ವತಿಪುರಂ, ಕುವೆಂಪುನಗರ, ಜಯಲಕ್ಷ್ಮೀಪುರಂಗಳಲ್ಲಿ ಮನೆ ಕಟ್ಟಿಸಿ, ಮಕ್ಕಳನ್ನು ಅಮೆರಿಕಕ್ಕೆ ಕಳಿಸಿ, ಮದುವೆ ಮನೆಗಳಲ್ಲಿ "ಕಾರ್ಡ್ ಬಂತಾ?" ಎಂಬ ಪ್ರಶ್ನೆಗೆ ಸಿಕ್ಕಿಬೀಳುವ ತಂದೆತಾಯಿಗಳಿಗಾಗಿ ಈ ಕೈಪಿಡಿ. ಅರ್ಜಿ ಹಾಕುವ ಮಕ್ಕಳಿಗೆ ವಕೀಲರಿದ್ದಾರೆ. ನಿಮಗೆ ಯಾರಿದ್ದಾರೆ?

ಮೊದಲನೆಯ ಹೆಜ್ಜೆ: ಹುಟ್ಟುವ ಊರನ್ನು ನೋಡಿ ಆರಿಸಿಕೊಳ್ಳಿ. ಇದೊಂದು ತಪ್ಪಿದರೆ ಮುಂದಿನದೆಲ್ಲ ಕಷ್ಟ. ನೌಕರಿಯ ಆಧಾರದ ಮೇಲೆ ಅಮೆರಿಕ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡ್ ಕೊಡುತ್ತದೆ. ಒಂದು ದೇಶದಲ್ಲಿ ಹುಟ್ಟಿದವರಿಗೆ ಅದರಲ್ಲಿ ಶೇ. 7 ಮಾತ್ರ. ಐಸ್‌ಲ್ಯಾಂಡಿಗೂ ಅಷ್ಟೇ, ಭಾರತಕ್ಕೂ ಅಷ್ಟೇ. ಐಸ್‌ಲ್ಯಾಂಡಿನ ಇಡೀ ಜನಸಂಖ್ಯೆ ನಮ್ಮ ಮೈಸೂರಿನ ಅರ್ಧಕ್ಕೂ ಬರುವುದಿಲ್ಲ. ನಮ್ಮ ಇಂಜಿನಿಯರುಗಳು ಹೆಚ್ಚಾಗಿ ನಿಲ್ಲುವ ಇಬಿ-2 ಸಾಲಿಗೆ ಈ ಲೆಕ್ಕದಲ್ಲಿ ದಕ್ಕುವುದು ವರ್ಷಕ್ಕೆ 2,800ರ ಆಸುಪಾಸು, ಅದೂ ಹೆಂಡತಿ ಮಕ್ಕಳನ್ನು ಸೇರಿಸಿಕೊಂಡು. ಬೇರೆ ದೇಶದವರು ತೆಗೆದುಕೊಳ್ಳದೆ ಉಳಿಸಿದರೆ ಮಾತ್ರ ಅದಕ್ಕಿಂತ ಹೆಚ್ಚು.

ಲೆಕ್ಕಕ್ಕೆ ಬರುವುದು ಹುಟ್ಟಿದ ದೇಶ, ಪಾಸ್‌ಪೋರ್ಟ್ ಯಾವುದಾದರೂ ಸರಿ. ನಿಮ್ಮ ಮಗ ಕೆನಡಾದ ಪ್ರಜೆಯಾಗಿ ಹೋದರೂ, ಹುಟ್ಟಿದ್ದು ಚೆಲುವಾಂಬ ಆಸ್ಪತ್ರೆಯಲ್ಲಾದರೆ ಭಾರತದ ಸಾಲೇ ಗತಿ. ಅಪ್ಪ ಮಸ್ಕತ್ತಿನಲ್ಲಿ ಕೆಲಸಕ್ಕಿದ್ದಾಗ ಅಲ್ಲೇ ಹುಟ್ಟಿದ ನಂಜನಗೂಡಿನ ಹುಡುಗಿ ಮಾತ್ರ ಒಮಾನಿನ ಲೆಕ್ಕ, ಅವಳ ಸಾಲು ತೀರಾ ಚಿಕ್ಕದು. ಆದ್ದರಿಂದ ಬಾಣಂತನಕ್ಕೆ ಮಗಳನ್ನು ತವರಿಗೆ ಕರೆತರುವ ಮುಂಚೆ ಈ ಪುಟವನ್ನು ಎರಡು ಸಲ ಓದಿ.

ತಡವಾಗಿ ಓದಿದವರಿಗೆ ಪರಿಹಾರವೂ ಉಂಟು: ಮದುವೆ. ಗಂಡ ಹೆಂಡಿರಲ್ಲಿ ಒಬ್ಬರು ಹುಟ್ಟಿದ ದೇಶದ ಸಾಲಿಗೆ ಇನ್ನೊಬ್ಬರೂ ಸೇರಿಕೊಳ್ಳಬಹುದು. ಜಾತಕ ತೋರಿಸುವಾಗ ಕುಜದೋಷದ ಜೊತೆಗೆ ಜನ್ಮಸ್ಥಳವನ್ನೂ ವಿಚಾರಿಸಿ.

ಬೇಕಾದ ಸಾಮಗ್ರಿ: ಜನನ ಪ್ರಮಾಣಪತ್ರ. ಅದರಲ್ಲಿ ಹೆಸರಿನ ಜಾಗ ಖಾಲಿಯಿದ್ದು ಬರೀ "ಗಂಡು" ಎಂದಿದ್ದರೆ ಗಾಬರಿಯಾಗಬೇಡಿ, ನಾಮಕರಣಕ್ಕೆ ಮುಂಚೆ ಬರೆಸಿದ್ದರ ಫಲ. ಸಯ್ಯಾಜಿರಾವ್ ರಸ್ತೆಯ ಮಹಾನಗರ ಪಾಲಿಕೆಗೆ ಹೋಗಿ ಹೆಸರು ಸೇರಿಸಿಸಿ. ನೋಂದಣಿಯೇ ಆಗಿರದಿದ್ದರೆ, ಆಗಿಲ್ಲ ಎಂದೇ ಒಂದು ಪತ್ರ ಬೇಕು. ಜೊತೆಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಮತ್ತು ಇವನು ನಮಗೇ ಹುಟ್ಟಿದವನು ಎಂದು ನೀವಿಬ್ಬರೂ ಛಾಪಾ ಕಾಗದದ ಮೇಲೆ ಮಾಡುವ ಪ್ರಮಾಣ. ಇನಿಶಿಯಲ್ ಬಿಡಿಸಿ ಬರೆಯುವಾಗ ಎಚ್ಚರ. ಊರಿನ ಹೆಸರು ಹೋಗಿ ಸರ್‌ನೇಮ್ ಜಾಗದಲ್ಲಿ ಕೂತರೆ, ನಿಮ್ಮ ಮಗ ಅಲ್ಲಿ ಜೀವಮಾನವಿಡೀ ಮಿಸ್ಟರ್ ತಿರುಮಕೂಡಲು.

ಇನ್ನು ಅವನ ಕಡೆಯ ಕೆಲಸ. ಕೆಲಸದ ವೀಸಾ ಎಚ್-1ಬಿಯ ಲಾಟರಿ ಮೊದಲು: ವರ್ಷಕ್ಕೆ 65,000, ಅಲ್ಲೇ ಎಂಎಸ್ ಮಾಡಿದವರಿಗೆ ಇನ್ನೂ 20,000. ಗೆದ್ದ ಮೇಲೆ ಕಂಪನಿ ಪರ್ಮ್ ಎಂಬುದನ್ನು ಮಾಡಿಸಬೇಕು. ಅಂದರೆ, ನಿಮ್ಮ ಮಗ ಕೂತಿರುವ ಕುರ್ಚಿಗೆ ಎರಡು ಭಾನುವಾರ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಅರ್ಹ ಅಮೆರಿಕನ್ನರು ಯಾರೂ ಬರಲಿಲ್ಲ ಎಂದು ಸರ್ಕಾರಕ್ಕೆ ತೋರಿಸಬೇಕು. ಆ ಎರಡು ಭಾನುವಾರ ನೀವು ಚಾಮುಂಡಿ ಬೆಟ್ಟ ಹತ್ತಿ, ಯಾರಿಗೂ ಆ ಕೆಲಸ ಬೇಡವಾಗಲಿ ಎಂದು ಬೇಡಿಕೊಳ್ಳಬಹುದು. ಈ ಅರ್ಜಿ ಸೇರಿದ ತಾರೀಖೇ ಅವನ ಪ್ರಯಾರಿಟಿ ಡೇಟ್. ಇದನ್ನು ಮದುವೆಯ ದಿನಕ್ಕಿಂತ ಚೆನ್ನಾಗಿ ನೆನಪಿಡಿ.

ಆಮೇಲೆ ಕಾಯುವುದು. ಕಾಯಲು ಅಮೆರಿಕದ ವಿದೇಶಾಂಗ ಇಲಾಖೆ ತಿಂಗಳಿಗೊಂದು ವೀಸಾ ಬುಲೆಟಿನ್ ಹೊರಡಿಸುತ್ತದೆ; ಪ್ರಯಾರಿಟಿ ಡೇಟ್ ಅದರಲ್ಲಿನ ದಿನಾಂಕಕ್ಕಿಂತ ಹಿಂದಿನದಾಗಿದ್ದರೆ ಮಾತ್ರ ಸರದಿ. ಒಂಟಿಕೊಪ್ಪಲ್ ಪಂಚಾಂಗ ನೋಡಿ ರೂಢಿಯಿರುವವರಿಗೆ ಇದು ಕಷ್ಟವಲ್ಲ. ಇದರಲ್ಲೂ ಕೋಷ್ಟಕಗಳಿವೆ, ಇದರಲ್ಲೂ ವಕ್ರಗತಿಯಿದೆ. 2022ರ ಸೆಪ್ಟೆಂಬರಿನಲ್ಲಿ ಭಾರತದ ಇಬಿ-2 ದಿನಾಂಕ 2014ರ ಡಿಸೆಂಬರ್ 1 ಇತ್ತು. ಅಕ್ಟೋಬರಿನಲ್ಲಿ 2012ರ ಏಪ್ರಿಲ್ 1ಕ್ಕೆ ಹಿಂದೆ ಸರಿಯಿತು, ಡಿಸೆಂಬರಿನಲ್ಲಿ 2011ರ ಅಕ್ಟೋಬರ್ 8ಕ್ಕೆ. ಎರಡು ವರ್ಷ ಕಳೆದು 2024ರ ಅಕ್ಟೋಬರಿನಲ್ಲಿ ನೋಡಿದರೆ, 2012ರ ಜುಲೈ 15. ಪಂಚಾಂಗದವರಾದರೋ ಗ್ರಹ ಯಾವಾಗ ನೇರವಾಗುತ್ತದೆಂದು ಮೊದಲೇ ಹೇಳುತ್ತಾರೆ.

ಕಾಯುವಾಗ ಎಚ್-1ಬಿಯ ಆರು ವರ್ಷದ ಮಿತಿ ಅಡ್ಡ ಬರುವುದಿಲ್ಲ. ಪರ್ಮ್ ಆದ ಮೇಲೆ ಕಂಪನಿ ಹಾಕುವ ಐ-140 ಅರ್ಜಿ ಮಂಜೂರಾಗಿದ್ದರೆ ಮೂರು ಮೂರು ವರ್ಷ ನವೀಕರಿಸುತ್ತಲೇ ಹೋಗಬಹುದು. ಆದರೆ ಪಾಸ್‌ಪೋರ್ಟಿನ ಮೇಲಿನ ಸ್ಟಾಂಪ್ ಮುಗಿದಿದ್ದರೆ, ಊರಿಗೆ ಬಂದವನು ಕಾನ್ಸುಲೇಟಿನಲ್ಲಿ ಹೊಸದು ಹಾಕಿಸಿಕೊಳ್ಳದೆ ಹಿಂದಿರುಗುವಂತಿಲ್ಲ. "ಸ್ಲಾಟ್ ಸಿಗಲಿಲ್ಲಮ್ಮ, ಈ ದಸರಾಕ್ಕೆ ಬರೋಕಾಗಲ್ಲ" ಎಂದರೆ ಅದು ನೆಪವಲ್ಲ, ಸೊಸೆಯ ಕಿತಾಪತಿಯೂ ಅಲ್ಲ.

ಮುನ್ನೆಚ್ಚರಿಕೆ: ಮೊಮ್ಮಕ್ಕಳ ವಿಷಯದಲ್ಲಿ ತಮಾಷೆಯಿಲ್ಲ. ಇಲ್ಲಿ ಹುಟ್ಟಿ ಎರಡು ವರ್ಷಕ್ಕೆ ಅಲ್ಲಿಗೆ ಹೋದ ಮಗು ಅಪ್ಪನ ಎಚ್-1ಬಿಗೆ ಅಂಟಿಕೊಂಡ ಎಚ್-4 ವೀಸಾದಲ್ಲಿ ಬೆಳೆಯುತ್ತದೆ. 21 ತುಂಬಿತೋ, ಅಪ್ಪನ ಸಾಲಿನಿಂದ ಹೊರಗೆ. 2002ರ ಕಾನೂನು ಐ-140 ಬಾಕಿಯಿದ್ದಷ್ಟು ದಿನಗಳನ್ನು ವಯಸ್ಸಿನಿಂದ ಕಳೆಯುತ್ತದೆ, ದಶಕಗಟ್ಟಲೆ ಸಾಲಿನಲ್ಲಿ ಅದು ಏತಕ್ಕೂ ಸಾಲದು. ಕನ್ನಡ ಸರಿಯಾಗಿ ಓದಲು ಬಾರದ ಆ ಹುಡುಗ ಆಮೇಲೆ ಸ್ಟೂಡೆಂಟ್ ವೀಸಾ ಹುಡುಕಬೇಕು, ಇಲ್ಲವೇ ತನಗೆ ನೆನಪೇ ಇರದ "ತನ್ನ ಊರಿಗೆ" ಹಿಂದಿರುಗಬೇಕು.

ಅಲ್ಲೇ ಹುಟ್ಟಿದ ಅವನ ತಂಗಿಯಾದರೆ ಹುಟ್ಟಿದ ದಿನದಿಂದಲೇ ಅಮೆರಿಕದ ಪ್ರಜೆ. ಇಂಥ ಮಕ್ಕಳ ಪೌರತ್ವ ನಿಲ್ಲಿಸಲು 2025ರ ಜನವರಿಯಲ್ಲಿ ಟ್ರಂಪ್ ಆದೇಶ ಹೊರಡಿಸಿದರು, ನ್ಯಾಯಾಲಯಗಳು ತಡೆದವು. ಆ ಆದೇಶದಲ್ಲೂ ಮೊದಲೇ ಹುಟ್ಟಿದವರನ್ನು ಮುಟ್ಟಿಲ್ಲ. ಈ ಹುಡುಗಿಗೆ 21 ತುಂಬಿದ ಮೇಲೆ ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ ಕೊಡಿಸಲು ಅವಳೇ ಅರ್ಜಿ ಹಾಕಬಹುದು. ಆ ವರ್ಗಕ್ಕೆ ವಾರ್ಷಿಕ ಮಿತಿಯಿಲ್ಲ, ಶೇ. 7ರ ಮಾತೂ ಇಲ್ಲ. ಇವತ್ತು ಇಬಿ-2 ಸಾಲಿನ ಕೊನೆಗೆ ಹೋಗಿ ನಿಲ್ಲುವ ಮೈಸೂರಿನ ಹುಡುಗನಿಗೆ ಕಾರ್ಡ್ ತರುವುದು ಕಂಪನಿಯ ವಕೀಲರೋ ಮಗಳೋ ಎಂದು ಪಂದ್ಯ ಕಟ್ಟುವುದಾದರೆ, ಮಗಳ ಮೇಲೆ ಕಟ್ಟಿ.