ಇಸಿಜಿ ನಾರ್ಮಲ್, ಇನ್ನೆರಡು ಬೋಂಡ ಕೊಡಿ

ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ, ಅದರಲ್ಲೂ ಚಿಕ್ಕ ವಯಸ್ಸಿನವರು, ಹೃದಯಾಘಾತದಿಂದ ತೀರಿಕೊಂಡರು ಎಂದು 2025ರ ಜೂನ್ ಕೊನೆಗೆ ಟಿವಿಗಳು ಬೆಳಿಗ್ಗೆ ಸಂಜೆ ಬಡಿದುಕೊಳ್ಳತೊಡಗಿದವಲ್ಲ, ಆಗ ನಮಗೆಲ್ಲ ಎದೆಯೊಳಗೂ ಒಂದು ಸಾಮಾನಿದೆ ಎಂಬುದು ನೆನಪಾಯಿತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಕು ಹರಿಯುವ ಮೊದಲೇ ಸಾಲು. ಗಾಬರಿಯಾಗಿ ಓಡಿ ಬರಬೇಡಿ ಎಂದು ವೈದ್ಯರೇ ಬೇಡಿಕೊಳ್ಳಬೇಕಾಯಿತು. ಯಾರು ಕೇಳುತ್ತಾರೆ? ನಮಗೆ ಇಸಿಜಿ ಎಂದರೆ ದೇವಸ್ಥಾನದ ಪ್ರಸಾದ, ಒಮ್ಮೆ ಸಿಕ್ಕರೆ ವರ್ಷದ ಪಾಪ ಪರಿಹಾರ. ಮಲಗಿದ್ದ ಆ ಅರೆಗಳಿಗೆಯಲ್ಲಿ ಹೃದಯದ ವಿದ್ಯುತ್ತು ಹೇಗೆ ಹರಿಯಿತು ಎಂದಷ್ಟೇ ಅದು ಹೇಳುತ್ತದೆ. ರಕ್ತನಾಳದ ಗೋಡೆಯಲ್ಲಿ ವರ್ಷಾನುಗಟ್ಟಲೆ ಕೂತು ಬೆಳೆದ ಕೊಬ್ಬಿನ ಸುದ್ದಿ ಅದರಲ್ಲಿ ಬಾರದೆಯೂ ಇರಬಹುದು. ಆದರೂ ‘ನಾರ್ಮಲ್’ ಎಂದು ಬರೆದ ಕಾಗದವನ್ನು ಮಡಚಿ ಜೇಬಿಗಿಟ್ಟವನು ನೆಟ್ಟಗೆ ಎದುರಿನ ಗೂಡಂಗಡಿಗೆ ಹೋಗಿ ಸಿಗರೇಟು ಹಚ್ಚುತ್ತಾನೆ. ಬೆಳಿಗ್ಗೆಯಿಂದ ಟೆನ್ಷನ್ ಆಗಿತ್ತಂತೆ.

ಇಷ್ಟು ಸಾವಾದ ಮೇಲೆ ಅಪರಾಧಿ ಬೇಕಲ್ಲ. ಜುಲೈ 1ರಂದು ಮುಖ್ಯಮಂತ್ರಿಗಳು ಕೋವಿಡ್ ಲಸಿಕೆಗೆ ಅವಸರದಲ್ಲಿ ಒಪ್ಪಿಗೆ ಕೊಟ್ಟದ್ದೂ ಕಾರಣವಿರಬಹುದು ಎಂದರು. ಮರುದಿನವೇ ಕೇಂದ್ರದ ಆರೋಗ್ಯ ಸಚಿವಾಲಯ ಐಸಿಎಂಆರ್, ಏಮ್ಸ್ ಅಧ್ಯಯನಗಳನ್ನು ಮುಂದಿಟ್ಟು, ಲಸಿಕೆಗೂ ಹಠಾತ್ ಸಾವಿಗೂ ನಂಟಿಲ್ಲ ಎಂದಿತು. ಅಲ್ಲಿಗೆ ಹೃದಯಕ್ಕೂ ಒಂದು ಪಕ್ಷ ಸಿಕ್ಕಿತು. ಆ ವಾರವೆಲ್ಲ ಎದೆನೋವು ಬಂದವನು ಮೊದಲು ತಾನು ಯಾರಿಗೆ ಓಟು ಹಾಕಿದ್ದೆ ಎಂದು ನೆನಪಿಸಿಕೊಂಡು, ಆಮೇಲೆ ರೋಗದ ಕಾರಣ ಹೇಳುತ್ತಿದ್ದ.

ಕೊನೆಗೆ ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿ ವರದಿ ಕೊಟ್ಟಿತು. ಎಂಥ ನಿರಾಸೆ! ಹಾಸನದಲ್ಲಿ ಹೃದಯಾಘಾತಗಳು ಏಕಾಏಕಿ ಏರಿದ್ದಕ್ಕೆ ಪುರಾವೆ ಇಲ್ಲವಂತೆ. ಸತ್ತವರಲ್ಲಿ ಬಹುತೇಕರಿಗೆ ಸಿಕ್ಕಿದ್ದು ಹಳೆಯ ಪರಿಚಿತರೇ: ಬಿಪಿ, ಶುಗರ್, ಬೊಜ್ಜು, ಬೀಡಿ-ಸಿಗರೇಟು, ಕುಡಿತ, ಮನೆತನದ ಇತಿಹಾಸ. ವಿಷಗಾಳಿಯಿಲ್ಲ, ವಿದೇಶಿ ಸಂಚಿಲ್ಲ. ಉಪ್ಪಿನ ಬಗ್ಗೆ ಒಂದು ಗಂಟೆ ಚರ್ಚೆ ನಡೆಸಲು ಯಾವ ಆ್ಯಂಕರ್‌ಗೆ ಸಾಧ್ಯ? ಟಿವಿಗಳು ಬೇರೆ ಊರಿನ ಬೇರೆ ಸಾವು ಹುಡುಕಿಕೊಂಡು ಹೋದವು.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ರ ವಯಸ್ಸಿನಲ್ಲಿ ಹೃದಯಾಘಾತದಿಂದ ಹೋದಾಗ ನಾಡು ನಿಜವಾಗಿಯೂ ಅತ್ತಿತು. ಅಳು ಮುಗಿಸಿ ನಾವು ಕಲಿತ ಪಾಠವೇ ಬೇರೆ: ಜಿಮ್‌ಗೆ ಹೋದರೆ ಸಾಯುತ್ತಾರೆ! ಸೋಫಾದ ಮೇಲೆ ಬಿದ್ದುಕೊಂಡೇ ಸತ್ತವರ ಲೆಕ್ಕ ಯಾರೂ ಇಡಲಿಲ್ಲ. ಬೆವರದಿರಲು ಕಾರಣ ಹುಡುಕುತ್ತಿದ್ದವರಿಗೆ ಅದಕ್ಕಿಂತ ಒಳ್ಳೆಯ ಕಾರಣ ಅಲ್ಲಿಂದೀಚೆಗೆ ಸಿಕ್ಕಿಲ್ಲ.

52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲೇ ಹೇಳಿಬಿಟ್ಟಿದೆ: ಮೊದಲ ಹೃದಯಾಘಾತದ ಅಪಾಯದಲ್ಲಿ ಶೇ. 90ರಷ್ಟಕ್ಕೆ ಒಂಬತ್ತೇ ಸಂಗತಿಗಳು ಕಾರಣ. ನವಗ್ರಹಗಳ ಸಂಖ್ಯೆಗೆ ಸರಿಯಾಗಿಯೇ ಇವೆ, ಆದರೆ ಶಾಂತಿ ಮಾಡಿಸಲು ಪುರೋಹಿತರು ಸಾಲರು, ನಾವೇ ಎದ್ದು ಕೂರಬೇಕು. ದಕ್ಷಿಣ ಏಷ್ಯಾದವರಿಗೆ ಈ ಕಾಟ ಉಳಿದವರಿಗಿಂತ ಐದಾರು ವರ್ಷ ಮೊದಲೇ ಬರುತ್ತದೆ ಎಂದೂ ಅದೇ ಅಧ್ಯಯನ ತೋರಿಸಿತು. ಧೂಮಪಾನ ಬಿಟ್ಟ ಒಂದು ವರ್ಷಕ್ಕೆ, ಅದರಿಂದ ಬಂದಿದ್ದ ಹೆಚ್ಚುವರಿ ಅಪಾಯ ಅರ್ಧಕ್ಕಿಳಿಯುತ್ತದೆ. ಇಷ್ಟು ಅಗ್ಗದ ಔಷಧವನ್ನು ನಂಬುವುದು ಹೇಗೆ? ಬೆಳ್ಳುಳ್ಳಿ, ಶುಂಠಿ, ನಿಂಬೆರಸ, ವಿನೆಗರ್ ಕಾಯಿಸಿ ಜೇನು ಬೆರೆಸಿದರೆ ಬ್ಲಾಕೇಜ್ ಕರಗುತ್ತದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ, ಅದನ್ನು ನಂಬುವುದು ಸುಲಭ. ಇನ್ನು ಬಿಪಿ ಮಾತ್ರೆ. ತಿಂಗಳು ನುಂಗುತ್ತಾರೆ, ಬಿಪಿ ಇಳಿಯುತ್ತದೆ. ‘ನಾರ್ಮಲ್ ಬಂತಲ್ಲ, ಮಾತ್ರೆ ಯಾಕೆ?’ ಎಂದು ಬಿಡುತ್ತಾರೆ. ಮಾತ್ರೆಯಿಂದಲೇ ಇಳಿದದ್ದು ಎಂದು ಹೇಳಿದರೆ, ‘ಅಭ್ಯಾಸ ಆಗಿಬಿಡುತ್ತೆ ಸಾರ್’ ಎಂಬ ಉತ್ತರ. ಗುಟ್ಕಾ ಅಗಿಯುತ್ತಲೇ ಹೇಳುತ್ತಾರೆ. ಉಪ್ಪು ದಿನಕ್ಕೆ ಐದು ಗ್ರಾಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು ನಮ್ಮ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿಗಳನ್ನು ವಿಚಾರಿಸಿದಂತಿಲ್ಲ.

ಲಂಡನ್ನಿನ ಜೆರ್ರಿ ಮಾರಿಸ್ ಎಂಬ ವೈದ್ಯರು ಡಬಲ್ ಡೆಕ್ಕರ್ ಬಸ್ಸುಗಳನ್ನು ಹಿಡಿದುಕೊಂಡರು. ದಿನವಿಡೀ ಕೂತ ಡ್ರೈವರುಗಳಿಗೆ ಹೃದ್ರೋಗ ಹೆಚ್ಚು, ಮೆಟ್ಟಿಲು ಹತ್ತಿಳಿದು ಟಿಕೆಟ್ ಹರಿಯುವ ಕಂಡಕ್ಟರುಗಳಿಗೆ ಕಡಿಮೆ ಎಂದು 1953ರಲ್ಲಿ ತೋರಿಸಿಕೊಟ್ಟರು. ಅದೇ ಪರೀಕ್ಷೆಯನ್ನು ಇಲ್ಲಿ ಮಾಡುವುದು ಕಷ್ಟ. ಮಹಿಳೆಯರ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಕಂಡಕ್ಟರಿಗೆ ನಡೆಯುವುದಿರಲಿ, ಕಾಲೂರಲೂ ಜಾಗವಿಲ್ಲ. ಹಾಸನದಲ್ಲಿ ಸತ್ತವರಲ್ಲಿ ಆಟೊ, ಕ್ಯಾಬ್ ಚಾಲಕರು ಎದ್ದು ಕಾಣುವಷ್ಟಿದ್ದರು. ಹೊತ್ತಿಗೆ ಊಟವಿಲ್ಲ, ನಿದ್ದೆಯಿಲ್ಲ, ಸೀಟು ಬಿಟ್ಟೇಳುವಂತಿಲ್ಲ, ಹೊಗೆ ಬೇರೆ. ಅವರಿಗೆ ‘ಲೈಫ್‌ಸ್ಟೈಲ್ ಬದಲಿಸಿಕೊಳ್ಳಿ’ ಎಂದು ಉಪದೇಶಿಸುವವರು ಸಾಮಾನ್ಯವಾಗಿ ಅದೇ ಆಟೊದ ಹಿಂದಿನ ಸೀಟಿನಲ್ಲಿ ಕೂತು, ಇನ್ನೂ ಬೇಗ ಹೋಗಪ್ಪ ಎನ್ನುತ್ತಿರುತ್ತಾರೆ. ವಾರಕ್ಕೆ 150 ನಿಮಿಷ ನಡೆಯಬೇಕಂತೆ. ಬೆಂಗಳೂರಿನ ಫುಟ್‌ಪಾತಿನಲ್ಲಿ ನಡೆದರೆ ಹೃದಯ ಗಟ್ಟಿಯಾಗುವುದು ಖರೆ, ಅಷ್ಟರಲ್ಲಿ ಕಾಲು ಮುರಿಯದಿದ್ದರೆ. ಉಳ್ಳವರಿಗೆ ಪಾರ್ಕಿದೆ. ಅಲ್ಲಿ ಎರಡು ಸುತ್ತು, ಗೇಟಿನಲ್ಲಿ ನಾಲ್ಕು ಬೋಂಡ.

ಇಷ್ಟಾಗಿಯೂ ಎದೆ ಹಿಂಡಿತು ಅನ್ನಿ. ಕರ್ನಾಟಕದಲ್ಲಿ ಹೃದಯಾಘಾತವೆಂಬ ಕಾಯಿಲೆ ಮೊದಲ ಮೂರು ಗಂಟೆ ಇರುವುದೇ ಇಲ್ಲ. ಇರುವುದು ಗ್ಯಾಸ್ಟ್ರಿಕ್ ಒಂದೇ. ಬೆವರು ಕಿತ್ತು ಬರುತ್ತಿದೆ, ನೋವು ಎಡತೋಳಿಗೆ, ದವಡೆಗೆ ಹಬ್ಬಿದೆ. ‘ರಾತ್ರಿ ಅವರೆಕಾಳು ತಿಂದಿದ್ದೆ’ ಎನ್ನುತ್ತಾನೆ ಯಜಮಾನ. ಸೋಡಾ ಬರುತ್ತದೆ, ಓಂಕಾಳು ಬರುತ್ತದೆ, ಪಕ್ಕದ ಮನೆಯವರು ಬರುತ್ತಾರೆ, ಒಂದು ತೇಗೂ ಬರುತ್ತದೆ, ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಅದೇ ಹೊತ್ತಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಪುನೀತ್ ಹೆಸರಿನದೇ ಹೃದಯ ಜ್ಯೋತಿ ಯೋಜನೆಯಡಿ, ಹೊರಗೆ ಹತ್ತಾರು ಸಾವಿರ ರೂಪಾಯಿ ಬೆಲೆಯ ಹೆಪ್ಪು ಕರಗಿಸುವ ಚುಚ್ಚುಮದ್ದು ಬಿಟ್ಟಿಯಾಗಿ ಕಾದಿರುತ್ತದೆ. ಅದು ಕೆಲಸ ಮಾಡುವುದು ಮೊದಲ ಕೆಲವು ಗಂಟೆಗಳಲ್ಲಿ, ಆ ಗಂಟೆಗಳು ನಮ್ಮಲ್ಲಿ ಅವರೆಕಾಳಿನ ವಿಚಾರಣೆಗೇ ಮೀಸಲು.

ಯಜಮಾನನಿಗಾದರೂ ಸೋಡಾ ಸಿಕ್ಕಿತು. ಮನೆಯಾಕೆಗೆ ಬಂದರೆ, ಎಷ್ಟೋ ಸಲ ಎದೆನೋವು ಎದೆನೋವಿನ ಹಾಗೆಯೇ ಇರುವುದಿಲ್ಲ. ಸುಸ್ತು, ವಾಕರಿಕೆ, ಉಬ್ಬಸ, ಬೆನ್ನಿನ ಮೇಲ್ಭಾಗದಲ್ಲೊಂದು ಹಿಡಿತ. ‘ಯಾಕೋ ಒಂಥರಾ ಆಗ್ತಿದೆ ಕಣ್ರೀ’ ಎಂದರೆ, ‘ಬಿಸಿಲಲ್ಲಿ ಬಟ್ಟೆ ಒಣಗಿಸೋಕೆ ಹೋಗಬೇಡ ಅಂದಿರಲಿಲ್ವಾ?’ ಎಂಬ ತಜ್ಞರ ಅಭಿಪ್ರಾಯ ಸಿಗುತ್ತದೆ. ಮಗ ಮಾತ್ರ ಗಾಬರಿಯಾಗಿ ಆಸ್ಪತ್ರೆಗೆ ಹೋಗೋಣ ನಡಿಯಮ್ಮ ಎನ್ನುತ್ತಾನೆ. ಆಕೆ ಸೆರಗಿನಿಂದ ಬೆವರು ಒರೆಸಿಕೊಂಡು, ‘ಇರೋ, ಸಾರಿಗೆ ಒಗ್ಗರಣೆ ಹಾಕಿ ಬರ್ತೀನಿ, ನಿಮ್ಮಪ್ಪ ಇನ್ನೂ ಊಟ ಮಾಡಿಲ್ಲ’ ಎನ್ನುತ್ತಾಳೆ.